ಕೂಸಿನ ಹೊಟ್ಟೆ, ಅಜ್ಜಿಯ ಕೈ



ನ್ಯಾಮತಿ ಕಡೆಯ ಒಂದು ಹಳ್ಳಿಯಿಂದ ಮಾತು ಶುರು ಮಾಡುತ್ತೇನೆ. ಹನ್ನೆರಡು ದಿನದ ಕೂಸು. ಸಂಜೆಯಾದರೆ ಸಾಕು, ಕಾಲು ಮಡಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮ ಅಳು. ಹಾಲು ಕುಡಿದಿದ್ದನ್ನು ಕಕ್ಕುತ್ತದೆ, ಮತ್ತೆ ಅಳುತ್ತದೆ. ಮನೆಯವರಿಗೆ ನಿದ್ದೆಯಿಲ್ಲ. ಕೂಸಿನ ತಂದೆ ಇಪ್ಪತ್ತೈದರ ಹುಡುಗ. ನನ್ನ ಮುಂದೆ ಮೊಬೈಲು ಹಿಡಿದ. "ಡಾಕ್ಟ್ರಮ್ಮ, ಇಲ್ಲಿ ನೋಡ್ರಿ. ಚೀನಾದೋರು ಕೂಸಿನ ಹೊಟ್ಟಿ ಹಿಂಗ್ ತಿಕ್ತಾರಂತೆ, ಗ್ಯಾಸೆಲ್ಲ ಹೋಗ್ತದಂತೆ. ನಾವೂ ಮಾಡಬೋದೇನ್ರಿ?"

ಪರದೆಯ ಮೇಲೆ ಒಬ್ಬ ಹೆಂಗಸು ಬೆಚ್ಚಗಿನ ಅಂಗೈಯನ್ನು ಕೂಸಿನ ಹೊಕ್ಕುಳ ಸುತ್ತ ನಿಧಾನವಾಗಿ ಆಡಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕತ್ತು ಚಾಚಿ ನೋಡಿ ನಕ್ಕೇಬಿಟ್ಟಳು. "ಲೇ ತಮ್ಮಾ, ಇದೇನ್ ಚೀನಾದ್ದೋ? ನಿಮ್ಮಪ್ಪಗೂ ನಾನು ಹಿಂಗೇ ತಿಕ್ಕೀನಿ. ಅವಾಗ ಯಾರೂ ಪಿಕ್ಚರ್ ತೆಗೀಲಿಲ್ಲ, ಅಷ್ಟೇ."

ಅಜ್ಜಿ ಹೇಳಿದ್ದು ನಿಜ. ಆದರೆ ಆ ಅಜ್ಜಿಯ ಪಕ್ಕದಲ್ಲೇ, ಗೋಡೆಗೆ ಒರಗಿಸಿಟ್ಟ ಸಾಣೆಕಲ್ಲು ಇತ್ತು. ಅದರ ಮೇಲೆ ಬಜೆ, ಜಾಯಿಕಾಯಿ, ಮಾಚಿಕಾಯಿ ತೇಯ್ದ ಒದ್ದೆ ಗುರುತು ಇತ್ತು. ಅಜ್ಜಿಯ ಕೈಗೆ ನಾನು ಕೈ ಮುಗಿಯುತ್ತೇನೆ. ಸಾಣೆಕಲ್ಲನ್ನು ಮಾತ್ರ ಅಟ್ಟದ ಮೇಲೆ ಇಡಿ ಅನ್ನುತ್ತೇನೆ. ಇವತ್ತಿನ ನನ್ನ ಮಾತೆಲ್ಲ ಈ ಎರಡರ ನಡುವೆಯೇ ಓಡಾಡುತ್ತದೆ: ಕೈ ಮತ್ತು ಕಲ್ಲು.

ಚೀನಾದ ಮಾತು ಬಂತಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಚೀನೀ ವೈದ್ಯಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟು. 1938ರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸರ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿ ಡಾ. ಬಿಜಯಕುಮಾರ ಬಸು ಅಂತ ಒಬ್ಬರಿದ್ದರು. ಇಪ್ಪತ್ತು ವರ್ಷದ ಮೇಲೆ ಅವರೇ ಮತ್ತೆ ಅಲ್ಲಿಗೆ ಹೋಗಿ ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್ ಕಲಿತು ಬಂದು 1959ರಲ್ಲಿ ಕಲ್ಕತ್ತೆಯಲ್ಲಿ ಶುರು ಮಾಡಿದರು. ಇಂದು ದಾವಣಗೆರೆಯಂಥ ಊರಿನಲ್ಲೂ ಅಕ್ಯುಪಂಕ್ಚರ್, ಅಕ್ಯುಪ್ರೆಶರ್ ಎಂಬ ಮಾತು ಹೊಸದಲ್ಲ.

ಮಕ್ಕಳ ವಿಷಯದಲ್ಲಿ ಚೀನೀ ವೈದ್ಯರು ಬಹಳ ಹಿಂದೆಯೇ ಯೋಚನೆ ಮಾಡಿದವರು. ಚ್ಯೆನ್ ಯೀ ಎಂಬ ವೈದ್ಯರು ಬರೀ ಮಕ್ಕಳ ರೋಗಗಳನ್ನೇ ನೋಡಿ ಹೆಸರಾದವರು. ಅವರ ಅನುಭವವೆಲ್ಲ 1119ರಲ್ಲಿ ಪುಸ್ತಕವಾಯಿತು. ಆಗ ನಮ್ಮ ಕಡೆ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಕೂಸಿನ ಒಳಅಂಗಗಳೆಲ್ಲ ಇನ್ನೂ ಎಳಸು, ಬೇಗ ಕೆಡುತ್ತವೆ, ಹಾಗೆಯೇ ಬೇಗ ಚೇತರಿಸಿಕೊಳ್ಳುತ್ತವೆ ಎನ್ನುವುದು ಆ ಪರಂಪರೆಯ ಮೂಲ ಮಾತು. ಅವರು 'ಪೀ' ಎಂದು ಕರೆಯುವ ಒಂದು ಶಕ್ತಿ ಇದೆ. ಇಂಗ್ಲಿಷಿನವರು ಅದನ್ನು ಗುಲ್ಮ ಎಂಬ ಅಂಗದ ಹೆಸರಿನಿಂದ ಅನುವಾದ ಮಾಡಿ ಗೊಂದಲ ಎಬ್ಬಿಸಿದರು. ಅದು ನಾವು ಜಠರಾಗ್ನಿ ಅನ್ನುತ್ತೇವಲ್ಲ, ಅದಕ್ಕೆ ಹತ್ತಿರದ್ದು. ಹುಟ್ಟಿದ ಕೂಸಿನಲ್ಲಿ ಆ ಬೆಂಕಿ ಸಣ್ಣದು. ಸಣ್ಣ ಒಲೆಗೆ ದೊಡ್ಡ ಕೊರಡು ಇಟ್ಟರೆ ಹೊಗೆ ಎದ್ದೀತೇ ಹೊರತು ಉರಿ ಏಳದು. ಅಳತೆ ಮೀರಿ ಹಾಲು ತುಂಬಿದರೆ ಅದು ಒಳಗೆ ನಿಂತು ಹುಳಿಯುತ್ತದೆ, ಕೂಸು ಕಕ್ಕುತ್ತದೆ, ಹೊಟ್ಟೆ ಉಬ್ಬುತ್ತದೆ ಎಂದು ಅವರ ಲೆಕ್ಕ. ನಮ್ಮ ಅಜ್ಜಿಯರು 'ಕೂಸಿಗೆ ಹಾಲು ಅರಗಿಲ್ಲ' ಅನ್ನುವುದೂ ಇದನ್ನೇ.

ಇನ್ನೂ ಸ್ವಾರಸ್ಯದ್ದು ಒಂದಿದೆ. ಏಳನೆಯ ಶತಮಾನದ ಸುನ್ ಸಿಮ್ಯಾವ್ ಎಂಬ ಚೀನೀ ವೈದ್ಯರು, ಸೆಕೆಗಾಲದಲ್ಲಿ ಎದೆಯಲ್ಲಿ ಕಾದ ಹಾಲನ್ನು ಮೊದಲು ಹಿಂಡಿ ತೆಗೆಯದೆ ಕುಡಿಸಿದರೆ ಕೂಸು ವಾಂತಿ ಮಾಡುತ್ತದೆ ಎಂದು ಹೇಳಿದ್ದಾರೆ. ಜಗಳೂರಿನ ಹೊಲದಲ್ಲಿ ಮೆಕ್ಕೆಜೋಳ ಮುರಿದು ಮಧ್ಯಾಹ್ನ ಮನೆಗೆ ಬರುವ ಸೊಸೆಗೆ ಅತ್ತೆ ಹೇಳುವುದೇನು? "ಬಿಸಿಲಾಗಿಂದ ಬಂದೀಯ, ಕಾದ ಹಾಲು ಕೊಡಬ್ಯಾಡ, ಮೊದ್ಲು ಹಿಂಡಿ ಚೆಲ್ಲು." ಸಾವಿರಾರು ಮೈಲಿ ದೂರ, ಸಾವಿರಕ್ಕೂ ಹೆಚ್ಚು ವರ್ಷದ ಅಂತರ, ಆದರೂ ಮಾತು ಒಂದೇ! ಹೆತ್ತವಳು ಒಂದು ತಿಂಗಳು ಮನೆಯೊಳಗೇ ಬೆಚ್ಚಗಿರಬೇಕು, ತಣ್ಣೀರು ಮುಟ್ಟಬಾರದು, ಶುಂಠಿ ಬೆಲ್ಲದಂಥ ಉಷ್ಣದ ಪದಾರ್ಥ ತಿನ್ನಬೇಕು ಎನ್ನುವ ಬಾಣಂತನ ಚೀನಾದಲ್ಲೂ ಇದೆ. ಅವರು ಅದಕ್ಕೆ 'ತಿಂಗಳು ಕೂರುವುದು' ಅನ್ನುತ್ತಾರೆ.

ಒಂದೇ ಮಾತು ಎರಡು ಕಡೆ ಹುಟ್ಟಿದ ಮಾತ್ರಕ್ಕೆ ಅದು ಸರಿ ಅಂತ ಆಗುವುದಿಲ್ಲ. ತಾಯಿಯ ಮೈ ಎಷ್ಟೇ ಬಿಸಿಲಿನಲ್ಲಿ ಬೆಂದರೂ ಒಳಗಿನ ಹಾಲು ಕೆಡುವುದಿಲ್ಲ. ಅವಳು ನೀರು ಕುಡಿದು, ಎರಡು ನಿಮಿಷ ನೆರಳಿನಲ್ಲಿ ಕೂತು, ಎದೆಗೆ ಕೂಸನ್ನು ಹಚ್ಚಲಿ. ಚೆಲ್ಲುವುದು ಬೇಡ. ಆದರೆ ಕೂಸಿನ ಹೊಟ್ಟೆ ಎಳಸು, ಅದಕ್ಕೆ ಅಳತೆ ಮೀರಬಾರದು ಎಂದು ಇಬ್ಬರೂ ಗುರುತಿಸಿದರಲ್ಲ, ಆ ಮಾತಿಗೆ ಇಂದಿನ ವಿಜ್ಞಾನವೂ ಹೌದು ಅನ್ನುತ್ತದೆ.

ಎಷ್ಟು ಎಳಸು ಗೊತ್ತೇ? ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿಲಿಲೀಟರ್. ಹೆಚ್ಚೆಂದರೆ ಎರಡು ಸಣ್ಣ ಚಮಚೆ. ನಾಲ್ಕನೆಯ ದಿನಕ್ಕೆ ಅದು 30ರಿಂದ 60 ಮಿಲಿಲೀಟರಿಗೆ ಬರುತ್ತದೆ. ಮೊದಲೆರಡು ದಿನ ಎದೆಯಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಗಿಣ್ಣುಹಾಲು ಅಷ್ಟೇ ಇರುತ್ತದೆ, ಅಷ್ಟೇ ಬೇಕು. ಪ್ರಕೃತಿ ಅಳತೆ ಹಾಕಿಯೇ ಕೊಟ್ಟಿದೆ. ನಾವೋ, 'ಹಾಲೇ ಇಳಿದಿಲ್ಲ' ಅಂದುಕೊಂಡು ಸಕ್ಕರೆ ನೀರು, ಜೇನು, ಹಸುವಿನ ಹಾಲು ಹುಡುಕಲು ಹೊರಡುತ್ತೇವೆ. ಮನೆಯಲ್ಲಿ ಎಮ್ಮೆ ಈದರೆ ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಓಣಿಗೆಲ್ಲ ಹಂಚುತ್ತೇವೆ. ಮನೆಯ ಹೆಣ್ಣುಮಗಳು ಹೆತ್ತರೆ ಅದೇ ಗಿಣ್ಣುಹಾಲನ್ನು 'ಕೆಟ್ಟ ಹಾಲು' ಅಂತ ಹಿಂಡಿ ಚೆಲ್ಲಿಸುತ್ತೇವೆ. ಎಮ್ಮೆಕರುವಿಗೆ ಗಿಣ್ಣು ತಪ್ಪಿದರೆ ಕರು ಬದುಕುವುದಿಲ್ಲ ಎಂದು ಗೊತ್ತಿರುವ ರೈತನಿಗೆ ಇದನ್ನು ನಾನು ಬೇರೆ ಬಿಡಿಸಿ ಹೇಳಬೇಕೇ?

ಇನ್ನು ಕೂಸಿನ ಹೊಟ್ಟೆಯ ದೂರುಗಳು. ಅರ್ಧಕ್ಕರ್ಧ ದೂರುಗಳು ರೋಗವೇ ಅಲ್ಲ. ಒಂದೊಂದಾಗಿ ಹೇಳುತ್ತೇನೆ, ಕೇಳಿ.

ಕಕ್ಕುವುದು. ಅನ್ನನಾಳ, ಜಠರ ಸೇರುವ ಕಡೆ ಒಂದು ಬಾಗಿಲು ಇದೆ. ಕೂಸಿನಲ್ಲಿ ಆ ಬಾಗಿಲು ಇನ್ನೂ ಸಡಿಲ. ಕುಡಿದ ಮೇಲೆ ಬಾಯಿಯ ಅಂಚಿನಿಂದ ಹಾಲು ಸೋರಿದರೆ, ಮೊಸರಿನಂತೆ ಒಡೆದು ಬಂದರೆ ಹೆದರಬೇಡಿ. ಕೂಸು ಚುರುಕಾಗಿದ್ದು, ಮೈ ತೂಕ ಏರುತ್ತಿದ್ದರೆ ಒಗೆಯುವ ಬಟ್ಟೆ ಹೆಚ್ಚುತ್ತದೆ, ಅಷ್ಟೇ.

ಬಿಕ್ಕಳಿಕೆ. ಅದು ಹಸಿವೂ ಅಲ್ಲ, ಯಾರೋ ನೆನೆಸಿಕೊಂಡಿದ್ದೂ ಅಲ್ಲ. ಹಣೆಗೆ ಒದ್ದೆ ದಾರ ಅಂಟಿಸಿದರೂ ನಿಲ್ಲುತ್ತದೆ, ಅಂಟಿಸದಿದ್ದರೂ ನಿಲ್ಲುತ್ತದೆ.

ಭೇದಿ. ಮೊದಲೆರಡು ದಿನ ಕೂಸು ಕೀಲೆಣ್ಣೆಯಂತೆ ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಆಮೇಲೆ ಹಸಿರು ಹಳದಿ. ನಾಲ್ಕೈದನೆಯ ದಿನದಿಂದ ಸಾಸಿವೆ ಅರೆದು ಕಲಸಿದಂಥ ಹಳದಿ. ಪ್ರತಿ ಸಲ ಹಾಲು ಕುಡಿದ ಕೂಡಲೇ ಮಾಡುವ ಕೂಸುಗಳೂ ಇವೆ. ಹಾಲು ಹೊಟ್ಟೆಗೆ ಬಿದ್ದ ಕೂಡಲೇ ಕರುಳು ಕದಲುತ್ತದೆ, ಅದು ಸಹಜ. ಎದೆಹಾಲು ಕುಡಿಯುವ ಕೂಸು ತಿಂಗಳು ತುಂಬಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಮಾಡಿದರೂ, ಮೆತ್ತಗೆ ಮಾಡಿದರೆ ಮಲಬದ್ಧತೆ ಅಲ್ಲ.

ಸಂಜೆಯ ಅಳು. ಇದು ಎರಡನೆಯ ವಾರದ ಹೊತ್ತಿಗೆ ಶುರುವಾಗಿ, ಆರನೆಯ ವಾರಕ್ಕೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. 1954ರಲ್ಲಿ ವೆಸೆಲ್ ಎಂಬ ಅಮೆರಿಕದ ವೈದ್ಯರು ಇದಕ್ಕೊಂದು ಲೆಕ್ಕ ಕೊಟ್ಟರು: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು. ಚೆನ್ನಾಗಿ ಬೆಳೆಯುತ್ತಿರುವ ಕೂಸೇ ಹೀಗೆ ಅಳುತ್ತದೆ. ಅಮೆರಿಕದಲ್ಲೂ ಅಳುತ್ತದೆ, ಬೀಜಿಂಗಿನಲ್ಲೂ ಅಳುತ್ತದೆ, ಹೊನ್ನಾಳಿಯಲ್ಲೂ ಅಳುತ್ತದೆ. ದೃಷ್ಟಿ ತೆಗೆದರೆ ನನ್ನದೇನೂ ತಕರಾರಿಲ್ಲ. ಉಪ್ಪು, ಮೆಣಸಿನಕಾಯಿ ಒಲೆಗೆ ಹೋಗುತ್ತವೆ, ಕೂಸಿನ ಬಾಯಿಗೆ ಹೋಗುವುದಿಲ್ಲ. ಹೊಗೆ ಮಾತ್ರ ದೂರವಿರಲಿ.

'ಹಾಗಾದರೆ ಹಾಲು ಸಾಲುತ್ತಿದೆ ಅಂತ ತಿಳಿಯುವುದು ಹೇಗೆ?' ಇದನ್ನು ಚನ್ನಗಿರಿಯ ತಾಯಂದಿರು ನನ್ನನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಎದೆಯನ್ನು ನೋಡಬೇಡಿ, ಲಂಗೋಟಿ ನೋಡಿ. ಐದಾರು ದಿನದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ. ಹುಟ್ಟಿದ ಮೇಲೆ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುತ್ತದೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ ಸರಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಆರು ತಿಂಗಳವರೆಗೆ ಜಗಳೂರಿನ ಏಪ್ರಿಲ್ ಬಿಸಿಲಿನಲ್ಲೂ ಕೂಸಿಗೆ ಬೇರೆ ನೀರು ಬೇಡ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ಬಾಯಾರಿಕೆ ಆಗುವುದು ತಾಯಿಗೆ. ತಂಬಿಗೆ ನೀರು ಅವಳ ಪಕ್ಕದಲ್ಲಿಡಿ.

ಕುಡಿಸುವಾಗ ಕೂಸಿನ ಬಾಯಿ ತೊಟ್ಟಿಗೆ ಮಾತ್ರ ಅಂಟಿದ್ದರೆ ಹಾಲು ಬಾರದು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು, ಕೂಸಿನ ಗದ್ದ ಎದೆಗೆ ತಾಗಬೇಕು, ಬಾಯಿ ಅಗಲವಾಗಿ ತೆರೆದಿರಬೇಕು. ಹಾಗೆ ಹಿಡಿಯದ ಕೂಸು ಹಾಲಿನ ಬದಲು ಗಾಳಿ ನುಂಗುತ್ತದೆ. 'ಗ್ಯಾಸ್' ಅಂತ ನೀವು ಅಂಗಡಿಗೆ ಓಡುವ ಎಷ್ಟೋ ಸಂಜೆಗಳ ಮೂಲ ಇಲ್ಲಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನಿನ್ನೂ ಹೊಸ ಡಾಕ್ಟರು. ಚೊಚ್ಚಲ ಬಾಣಂತಿ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದವಳು, ಕೂಸನ್ನು ಎತ್ತಿಕೊಂಡು ಬಂದಳು. ಅವಳ ಮೊಲೆತೊಟ್ಟು ಒಳಕ್ಕೆ ಸರಿದಿತ್ತು. ಕೂಸಿಗೆ ಹಿಡಿಯಲು ಏನೂ ಸಿಗದೆ ಅದು ಒದ್ದಾಡುತ್ತಿತ್ತು. ನಾನು ಅವಸರದಲ್ಲಿ ಡಬ್ಬಿ ಹಾಲಿನ ಪುಡಿ, ಬಾಟಲಿ ಬರೆದುಕೊಟ್ಟೆ. ಮೂರು ವಾರಕ್ಕೆ ಕೂಸು ಕಣ್ಣು ಗುಳಿಬಿದ್ದು, ನೀರಿನಂತೆ ಭೇದಿ ಮಾಡಿಕೊಂಡು ವಾಪಸು ಬಂತು. ಡಬ್ಬಿ ಬೇಗ ಖಾಲಿಯಾಗಬಾರದೆಂದು ಪುಡಿಗೆ ನೀರು ಹೆಚ್ಚು ಬೆರೆಸಿದ್ದಳು. ಬಾಟಲಿ ಕುದಿಸಲು ಅವಳಿಗೆ ಸೌದೆಯೂ ಇರಲಿಲ್ಲ, ಬಿಡುವೂ ಇರಲಿಲ್ಲ. ಕೂಸು ಉಳಿಯಿತು. ಆದರೆ ಆ ಬಾಟಲಿಯ ರಬ್ಬರ್ ತೊಟ್ಟಿನ ಒಳಗೆ ಕಪ್ಪಗೆ ಕಟ್ಟಿದ್ದ ಗಷ್ಟು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದನ್ನು ಅವಳ ಕೈಗೆ ಕೊಟ್ಟವಳು ನಾನು.

ಅವಳಿಗೆ ಬೇಕಿದ್ದ ಮದ್ದು ಒಂದು ಸಿರಿಂಜು, ಅಷ್ಟೇ. ಅದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದು ಯಾವ ಊರು ಗೊತ್ತೇ? ನಮ್ಮ ದಾವಣಗೆರೆ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಮತ್ತು ಅವರ ಸಂಗಡಿಗರು 1993ರಲ್ಲಿ 'ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಈ ಉಪಾಯವನ್ನು ಪ್ರಕಟಿಸಿದರು. ಹೊಸ ಪ್ಲಾಸ್ಟಿಕ್ ಸಿರಿಂಜು, ತೊಟ್ಟಿನ ಗಾತ್ರಕ್ಕೆ ತಕ್ಕಂತೆ 10 ಇಲ್ಲವೇ 20 ಮಿಲಿಲೀಟರಿನದು. ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ ತೆಗೆಯುವುದು. ಒಳಗಿನ ದಂಟನ್ನು ಹೊರಗೆಳೆದು, ಕತ್ತರಿಸಿದ ಕಡೆಯಿಂದ ಮತ್ತೆ ತೂರಿಸುವುದು. ಆಗ ನುಣುಪಾದ ಬಾಯಿ ಎದೆಯ ಕಡೆಗೆ ಉಳಿಯುತ್ತದೆ. ಅದನ್ನು ತೊಟ್ಟಿನ ಮೇಲೆ ಇಟ್ಟು ತಾಯಿಯೇ ದಂಟನ್ನು ಮೆಲ್ಲಗೆ ಎಳೆದು, ಅರ್ಧದಿಂದ ಒಂದು ನಿಮಿಷ ಹಿಡಿಯುತ್ತಾಳೆ. ತೊಟ್ಟು ಹೊರಗೆ ಬರುತ್ತದೆ. ಕೂಡಲೇ ಕೂಸನ್ನು ಹಚ್ಚಬೇಕು. ನೋವಾದರೆ ಬಿಡಬೇಕು, ಮೊದಲ ಸಲ ನರ್ಸಮ್ಮನ ಎದುರಿಗೇ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ್ಯಪಾನ ತರಬೇತಿಯ ಪಾಠಗಳಲ್ಲೂ ಈ ಸಿರಿಂಜಿನ ವಿಧಾನ ಸೇರಿದೆ.

ಅದೇ ಬಳಗ 1996ರಲ್ಲಿ ಮಧ್ಯ ಕರ್ನಾಟಕದ ಹಳ್ಳಿಗಳ ಹಾಲೂಡಿಸುವ ರೂಢಿಗಳ ಬಗ್ಗೆ 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆಯಿತು. 2003ರಲ್ಲಿ, ಎದೆಹಾಲು ನಿಂತುಹೋದ ತಾಯಂದಿರಿಗೆ ಆಸ್ಪತ್ರೆಯಲ್ಲಿ ಮಲಗಿಸದೆಯೇ, ಬಂದು ಹೋಗುವ ರೋಗಿಗಳಾಗಿಯೇ ಮತ್ತೆ ಹಾಲು ಬರಿಸುವುದು ಹೇಗೆ ಎಂದು ಬರೆಯಿತು. 'ಬತ್ತಿದ ಎದೆ ಮತ್ತೆ ತುಂಬೀತೇ?' ಅಂತ ಕೇಳುವವರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ತುಂಬುತ್ತದೆ. ಕೂಸು ಚೀಪುವುದೇ ಅದಕ್ಕೆ ಔಷಧ.

ಅವಧಿಗೆ ಮೊದಲೇ ಹುಟ್ಟಿ ಚೀಪಲು ಬಾರದ ಕೂಸಿಗೂ ಬಾಟಲಿ ಬೇಡ. ನಮ್ಮ ಮನೆಗಳಲ್ಲಿ ಒಳಲೆ ಇದೆಯಲ್ಲ! ಹಿತ್ತಾಳೆಯದೋ ಬೆಳ್ಳಿಯದೋ, ಕೊಕ್ಕಿನಂಥ ಬಾಯಿಯ ಆ ಪುಟ್ಟ ಪಾತ್ರೆ. ಇವತ್ತಿನ ನವಜಾತ ಶಿಶು ಘಟಕಗಳಲ್ಲಿ ನರ್ಸಮ್ಮಂದಿರು ಸ್ಟೀಲಿನ ಒಳಲೆಯಲ್ಲೇ ಹಿಂಡಿದ ಎದೆಹಾಲು ಕುಡಿಸುತ್ತಾರೆ. ಬಾಟಲಿಯಂತೆ ಇದಕ್ಕೆ ಮೂಲೆ ಮುಡುಕಿಲ್ಲ, ತೊಳೆದು ಕುದಿಸುವುದು ಸುಲಭ. ಕೂಸನ್ನು ತಲೆ ಎತ್ತರಕ್ಕೆ ಹಿಡಿದು, ಒಳಲೆಯ ಕೊಕ್ಕನ್ನು ಕೆಳತುಟಿಯ ಅಂಚಿಗೆ ಇಟ್ಟು, ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ನುಂಗಿದ ಮೇಲೆ ಮುಂದಿನ ಗುಟುಕು. ಬಾಯಿ ಒತ್ತಿ ಹಿಡಿದು ಸುರಿಯುವುದು, ಕಾಲಿನ ಮೇಲೆ ಅಂಗಾತ ಮಲಗಿಸಿ ಸುರಿಯುವುದು ಬೇಡವೇ ಬೇಡ. ಹಾಲು ಶ್ವಾಸಕೋಶಕ್ಕೆ ಹೋದೀತು.

ಈಗ ಕೈಯ ಕೆಲಸ. ಚೀನೀಯರು ಮಕ್ಕಳಿಗೆ ಮಾಡುವ ಈ ನೀವುವ ಚಿಕಿತ್ಸೆಗೆ 'ತುಯಿನಾ' ಅನ್ನುತ್ತಾರೆ. 1601ರಲ್ಲಿ ಅಚ್ಚಾದ ಅವರ ಒಂದು ದೊಡ್ಡ ಸೂಜಿ ಚಿಕಿತ್ಸೆಯ ಗ್ರಂಥದಲ್ಲಿ ಮಕ್ಕಳನ್ನು ನೀವುವುದಕ್ಕೇ ಒಂದು ಭಾಗವಿದೆ. ಅವರ ಕ್ರಮದಲ್ಲಿ ಹೆಬ್ಬೆರಳ ಅಂಚನ್ನು ಉಜ್ಜಿದರೆ 'ಪೀ' ಬಲವಾಗುತ್ತದೆ ಎಂಬ ನಂಬಿಕೆ ಇದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಹೊಟ್ಟೆ ನೀವುವುದರಲ್ಲಿ ಮಾತ್ರ ನಂಬಿಕೆಯ ಜೊತೆಗೆ ಒಂದು ಸರಳ ಲೆಕ್ಕವೂ ಸೇರಿದೆ. ದೊಡ್ಡ ಕರುಳು ಹೊಟ್ಟೆಯ ಬಲ ಕೆಳಮೂಲೆಯಿಂದ ಮೇಲೇರಿ, ಅಡ್ಡ ಹಾದು, ಎಡಕ್ಕೆ ಇಳಿಯುತ್ತದೆ. ನೋಡುವವರಿಗೆ ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಅಂಗೈಯನ್ನು ಅದೇ ದಿಕ್ಕಿನಲ್ಲಿ ಹಗುರವಾಗಿ ಆಡಿಸಿದರೆ ಒಳಗಿನ ಗಾಳಿಗೂ ದಾರಿ ಅದೇ.

ಮಾಡುವುದು ಹೀಗೆ. ಹಾಲು ಕುಡಿಸಿ ಅರ್ಧ ಗಂಟೆಯಾದರೂ ಆಗಿರಲಿ. ಕೈ ತೊಳೆದು, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಉಂಗುರ, ಬಳೆ ತೆಗೆಯಿರಿ. ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲವಾದರೆ ಅದರ ಸುತ್ತ ಮುಟ್ಟಬೇಡಿ, ಅದಕ್ಕೆ ಬೂದಿ, ಅರಿಶಿನ ಹಚ್ಚಬೇಡಿ. ಒಣಗಿ ಬಿದ್ದಿದ್ದರೆ ಬೆರಳ ತುದಿಯಿಂದ ಹತ್ತು ಹದಿನೈದು ಸುತ್ತು ಸಾಕು. ಆಮೇಲೆ ಎರಡು ಕಾಲನ್ನೂ ಸೈಕಲ್ ತುಳಿಸುವಂತೆ ಹೊಟ್ಟೆಯ ಕಡೆಗೆ ಮಡಚಿ ಬಿಡಿ. ಪ್ರತಿ ಸಲ ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸಿ. ಇಷ್ಟಕ್ಕೆ ಡಾಕ್ಟರೂ ಬೇಡ, ಚೀನಾದ ವಿಡಿಯೋನೂ ಬೇಡ. ಅಜ್ಜಿ ಸಾಕು. ಆದರೆ ಅಜ್ಜಿ, ಪಾತ್ರೆಯ ಹಾಗೆ ತಿಕ್ಕಬೇಡಿ. ಮೂಗಿಗೆ ಎಣ್ಣೆ ಬಿಡಬೇಡಿ, ಗಂಡು ಕೂಸಾಗಲಿ ಹೆಣ್ಣು ಕೂಸಾಗಲಿ ಎದೆ ಹಿಂಡಬೇಡಿ.

'ಸೂಜಿ ಚುಚ್ಚಿಸೋಣವೇ?' ಅಂತ ಕೇಳುವವರೂ ಇದ್ದಾರೆ. ಸ್ವೀಡನ್ನಿನಲ್ಲಿ ಹೆಚ್ಚು ಅಳುವ ಕೂಸುಗಳ ಮೇಲೆ ಇದನ್ನು ಪರೀಕ್ಷೆ ಮಾಡಿ 2017ರಲ್ಲಿ ಅಳು ತುಸು ಕಡಿಮೆಯಾಯಿತೆಂದರು. ಮರುವರ್ಷ ಇಂಥ ಪರೀಕ್ಷೆಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿ ನೋಡಿದವರು, ಸಾಮಾನ್ಯವಾಗಿ ಇದನ್ನು ಸಲಹೆ ಮಾಡುವಂತಿಲ್ಲ ಎಂದರು. ತಾನಾಗಿಯೇ ಇಳಿಯುವ ಅಳುವಿಗೆ ಎಳೆಗೂಸಿನ ಮೈಗೆ ಸೂಜಿ ಏಕೆ?

ಇನ್ನು ಕಲ್ಲಿಗೆ ಬರೋಣ. ಚೀನಾದಲ್ಲಿ, ಅಲ್ಲಿಂದ ವಲಸೆ ಹೋದವರಲ್ಲಿ, ಹುಟ್ಟಿದ ಕೂಸಿಗೆ 'ಹ್ವಾಂಗ್‌ಲ್ಯೆನ್' ಎಂಬ ಕಹಿ ಬೇರಿನ ನೀರು ಕುಡಿಸುವ ಪದ್ಧತಿ ಇತ್ತು. ಗರ್ಭದಲ್ಲಿದ್ದಾಗಿನ ನಂಜು ಹೋಗಲಿ, ಹೊಟ್ಟೆ ಶುದ್ಧವಾಗಲಿ ಎಂಬ ಉದ್ದೇಶ. ಆ ಬೇರಿನಲ್ಲಿ ಬರ್ಬೆರಿನ್ ಎಂಬ ಹಳದಿ ಸತ್ವವಿದೆ. ಕೂಸಿನ ರಕ್ತದಲ್ಲಿ ಕಾಮಾಲೆಯ ಹಳದಿಯನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನ್ ಇರುತ್ತದೆ. ಬರ್ಬೆರಿನ್ ಹೋಗಿ ಆ ಹಿಡಿತವನ್ನು ಸಡಿಲಿಸುತ್ತದೆ. ಬಿಡುಗಡೆಯಾದ ಹಳದಿ ಮಿದುಳಿಗೆ ಏರಿದರೆ ಕೂಸು ಸಾಯಬಹುದು, ಉಳಿದರೂ ಬುದ್ಧಿ, ಕಿವಿ, ಕೈಕಾಲು ಕುಂದಬಹುದು. ಹಾಗಾಗಿ ಬಹುಪಾಲು ಚೀನೀಯರೇ ಇರುವ ಸಿಂಗಪುರ 1978ರಲ್ಲಿ ಬರ್ಬೆರಿನ್ ಇರುವ ಮದ್ದುಗಳನ್ನು ನಿರ್ಬಂಧಿಸಿತು. ದಶಕಗಳ ಮೇಲೆ ದೊಡ್ಡವರಿಗೆ ಅದನ್ನು ಸಡಿಲಿಸಿದರೂ ಹಸುಗೂಸಿನ ಎಚ್ಚರಿಕೆ ಉಳಿಯಿತು. ನಮ್ಮ ಮರದರಿಶಿನದಲ್ಲಿ ಇರುವುದೂ ಅದೇ ಬರ್ಬೆರಿನ್.

ಈ ಕಥೆ ಏಕೆ ಹೇಳಿದೆ? ಹಳೆಯದು ಅಂದ ಮಾತ್ರಕ್ಕೆ, ಬೇರು ನಾರು ಅಂದ ಮಾತ್ರಕ್ಕೆ ಅದು ಕೂಸಿಗೆ ಸೌಮ್ಯ ಅಲ್ಲ. ಚೀನಾದವರು ಕೈಯಲ್ಲಿ ಮಾಡಿದ್ದು ಹಿತವಾಯಿತು, ಬಾಯಿಗೆ ಹಾಕಿದ್ದು ಅಪಾಯವಾಯಿತು. ನಮ್ಮದೂ ಅದೇ ಕಥೆ. ಬಜೆಯಲ್ಲಿ ಅಸರೋನ್ ಎಂಬ ಅಂಶವಿದೆ. ಅದರ ದೆಸೆಯಿಂದಲೇ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದಿತು. ಜಾಯಿಕಾಯಿ ಮಂಪರು ತರುತ್ತದೆ. 'ಕೂಸು ಸುಮ್ಮನಾಯಿತು' ಅನ್ನುತ್ತೀರಿ. ಸುಮ್ಮನಾದ ಕೂಸು ಹಾಲು ಕೇಳುವುದಿಲ್ಲ, ತೂಕ ಏರುವುದಿಲ್ಲ. ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಪಾಲು ಎಂದು ಅಳೆಯುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಕಲ್ಲಿನ ಮೇಲೆ ಕೂತ ಧೂಳು, ನೊಣ ಬೇರೆ. ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ಮೈನೀರು ಹೋಗುತ್ತದೆ, ನೆತ್ತಿಗೇರಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಿದರೆ ಬಾಟುಲಿಸಂ ಎಂಬ ನರ ಸೋಲಿಸುವ ಕಾಯಿಲೆ ಬರುವ ಅಪಾಯವಿದೆ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ತಯಾರಿಸಿದ್ದು. ಆಗಿನದರಲ್ಲಿ ಮದ್ಯಸಾರ ಇರುತ್ತಿತ್ತು. ಈಗ ಇಲ್ಲ ನಿಜ. ಆದರೆ ಅದು ಅಳು ನಿಲ್ಲಿಸುತ್ತದೆ ಅನ್ನಲು ಪುರಾವೆಯೂ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬರೆ. ಹೊಟ್ಟೆ ಉಬ್ಬಿತು, ಕಾಮಾಲೆ ಆಯಿತು ಎಂದು ಕಾಸಿದ ಬಳೆಚೂರಿನಿಂದಲೋ ಊದುಬತ್ತಿಯಿಂದಲೋ ಹೊಟ್ಟೆಯ ಮೇಲೆ ಸುಡುವುದು ಪೂರ್ತಿ ನಿಂತಿಲ್ಲ. ಸುಟ್ಟ ಗಾಯದಿಂದ ನಂಜು ರಕ್ತಕ್ಕೆ ಸೇರಿದರೆ ಹೊಟ್ಟೆನೋವಿನಿಂದ ಸಾಯದ ಕೂಸು ಬರೆಯಿಂದ ಸಾಯುತ್ತದೆ.

ಹಾಗಾದರೆ ಯಾವಾಗ ಓಡಬೇಕು? ಇದನ್ನು ದಯವಿಟ್ಟು ನೆನಪಿಡಿ. ಕೂಸಿನ ವಾಂತಿ ಎಲೆ ಹಸಿರು ಬಣ್ಣಕ್ಕೆ ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ. ಕರುಳು ತಿರುಚಿಕೊಂಡಿರಬಹುದು, ಗಂಟೆಗಳ ಲೆಕ್ಕ. ಹುಟ್ಟಿ 24 ಗಂಟೆಯಾದರೂ ಕಪ್ಪು ಮಲ ಮಾಡದಿದ್ದರೆ ತೋರಿಸಿ. ಮೂರರಿಂದ ಆರು ವಾರದ ಕೂಸು ಪ್ರತಿ ಸಲ ಚಿಲುಮೆಯಂತೆ ದೂರಕ್ಕೆ ವಾಂತಿ ಮಾಡಿ ಮತ್ತೆ ಹಸಿವೆಂದು ಅತ್ತರೆ ತೋರಿಸಿ. ಹೊಟ್ಟೆ ತಮಟೆಯಂತೆ ಬಿಗಿದರೆ, ಮಲದಲ್ಲಿ ರಕ್ತ ಕಂಡರೆ, ಚೀಪುವುದನ್ನು ಬಿಟ್ಟರೆ, ಮೈ ಬಿಸಿಯಾದರೆ ಇಲ್ಲವೇ ತಣ್ಣಗಾದರೆ, ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಉಚ್ಚೆ ಕಡಿಮೆಯಾದರೆ ತಡ ಮಾಡಬೇಡಿ. 108ಕ್ಕೆ ಫೋನು ಮಾಡಿ. ದಾವಣಗೆರೆಯೋ ಶಿವಮೊಗ್ಗವೋ, ನಿಮ್ಮೂರಿಗೆ ಯಾವುದು ಹತ್ತಿರವೋ ಅಲ್ಲಿಗೆ ಹೊರಡಿ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ, ಬರಿ ಮೈಗೆ ಬರಿ ಮೈ ತಾಗುವಂತೆ ಕಟ್ಟಿಕೊಂಡು ಮೇಲೆ ಹೊದಿಸಿ ಬೆಚ್ಚಗೆ ಒಯ್ಯಿರಿ.

ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಹೊಸ್ತಿಲಾಚೆ ನಿಲ್ಲಿಸಬೇಡಿ. 2011ರಿಂದ ಇರುವ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವಳು 3, 7, 14, 21, 28 ಮತ್ತು 42ನೆಯ ದಿನ ಬಂದು ನೋಡಬೇಕು, ತೂಕ ಹಾಕಬೇಕು. 'ಕೂಸಿಗೆ ದೃಷ್ಟಿಯಾಗ್ತದೆ, ತೂಕ ಬ್ಯಾಡ' ಅನ್ನುವ ಮನೆಗಳನ್ನು ನಾನು ತಾಂಡಾದಲ್ಲೂ ಕಂಡಿದ್ದೇನೆ, ಊರಿನ ದೊಡ್ಡ ಮನೆಗಳಲ್ಲೂ ಕಂಡಿದ್ದೇನೆ. ಆ ಆರು ದಿನಗಳನ್ನು ಕ್ಯಾಲೆಂಡರಿನಲ್ಲಿ ಹಬ್ಬಗಳ ಹಾಗೆ ಗುರುತು ಹಾಕಿಡಿ.

ಕೊನೆಯದಾಗಿ, ನ್ಯಾಮತಿಯ ಆ ಕೂಸಿನ ಕಥೆ. ಅದರ ಬಾಯಿ ಎದೆಗೆ ಸರಿಯಾಗಿ ಹಿಡಿದಿರಲಿಲ್ಲ. ಸರಿ ಮಾಡಿ ತೋರಿಸಿದೆ. ತಂದೆಗೆ ತೇಗಿಸುವುದನ್ನು ಕಲಿಸಿದೆ. ಹೊಟ್ಟೆ ನೀವುವ ಕೆಲಸವನ್ನು ಅಜ್ಜಿಗೇ ಬಿಟ್ಟೆ. ಸಂಜೆಯ ಅಳು ಒಂದೇ ದಿನಕ್ಕೆ ನಿಲ್ಲಲಿಲ್ಲ, ತನ್ನ ಕಾಲಕ್ಕೆ ನಿಂತಿತು. ಹೊರಡುವಾಗ ಅಜ್ಜಿಯನ್ನು ಕೇಳಿದೆ: "ಸಾಣೆಕಲ್ಲು ಏನ್ ಮಾಡ್ತೀಯವ್ವ?" ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ದೇವರ ಜಗಲಿ ಮ್ಯಾಲಿಡ್ತೀನಿ ಬಿಡವ್ವ. ಗಂಧ ತೇಯಾಕೆ ಆಗ್ತದೆ."

ಕಲ್ಲಿಗೆ ಅದೇ ಸರಿಯಾದ ಜಾಗ. ಕೂಸಿನ ಹೊಟ್ಟೆಯ ಹೊರಗೆ ಅಜ್ಜಿಯ ಕೈ ಇರಲಿ, ಒಳಗೆ ತಾಯಿಯ ಹಾಲು ಮಾತ್ರ ಹೋಗಲಿ. ಆರು ತಿಂಗಳು ಇಷ್ಟನ್ನು ನಡೆಸಿಕೊಡಿ.